ಪಿಜ್ಜಾದ ಚೀಸ್‌ಗೆ ಹೆಪ್ಪು ಯಾವುದು?

ನೇಪಲ್ಸ್‌ನ ಪಿಜ್ಜಾ ಅಂಗಡಿಯಲ್ಲಿ ಮಾರ್ಗೆರಿಟಾ ಕೇಳಿದರೆ ತಟ್ಟೆಗೆ ಬರುವುದು ಇಷ್ಟೇ: ಒಲೆಯಲ್ಲಿ ಸುಟ್ಟ ಮೈದಾ ರೊಟ್ಟಿ, ಟೊಮೆಟೊ, ಮೊಝರೆಲಾ ಚೀಸ್, ನಾಲ್ಕು ಬೇಸಿಲ್ ಎಲೆ, ಮೇಲೊಂದಿಷ್ಟು ಆಲಿವ್ ಎಣ್ಣೆ. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ. ನಮ್ಮ ಕಡೆಯಿಂದ ಯುರೋಪ್ ಪ್ರವಾಸ ಹೋದ ಸಸ್ಯಾಹಾರಿಗಳು ನೆಮ್ಮದಿಯಿಂದ ತಿನ್ನುವುದು ಇದನ್ನೇ. ಆದರೆ ಆ ಚೀಸ್ ಎಮ್ಮೆ ಹಾಲಿನ ಪ್ರಸಿದ್ಧ ‘ಮೊಝರೆಲಾ ದಿ ಬುಫಾಲಾ ಕಂಪಾನಾ’ ಆಗಿದ್ದರೆ, ಅದರ ಹಾಲನ್ನು ಗಟ್ಟಿ ಮಾಡಿರುವುದು ಕರುವಿನ ಹೊಟ್ಟೆಯಿಂದ ತೆಗೆದ ರಸ. ಯಾರೋ ಕದ್ದುಮುಚ್ಚಿ ಬೆರೆಸಿದ್ದಲ್ಲ. ಆ ಹೆಸರಿಟ್ಟು ಮಾರಬೇಕಾದರೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂದು ಆ ಚೀಸ್‌ನ ನಿಯಮಾವಳಿಯಲ್ಲೇ ಬರೆದಿದೆ.

ಈ ವಿಷಯ ಗೊತ್ತಾದ ಮೇಲೆ ಕೆಲವರು ಪಿಜ್ಜಾವನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ‘ಇಷ್ಟೆಲ್ಲ ನೋಡುತ್ತ ಕೂತರೆ ಏನೂ ತಿನ್ನುವ ಹಾಗಿಲ್ಲ’ ಎಂದು ಕೈ ಕೊಡವುತ್ತಾರೆ. ಎರಡಕ್ಕೂ ಕಾರಣವಿಲ್ಲ ಎಂಬುದು ನನ್ನ ನಂಬಿಕೆ. ಯಾವ ಚೀಸ್‌ಗೆ ಯಾವ ಹೆಪ್ಪು ಹಾಕುತ್ತಾರೆ, ಯಾವ ದೇಶದ ಕಾನೂನು ಏನನ್ನು ಹೇಳಿಸುತ್ತದೆ, ಏನನ್ನು ಹೇಳದೆ ಬಿಡಲು ಅವಕಾಶ ಕೊಡುತ್ತದೆ ಎನ್ನುವಷ್ಟು ತಿಳಿದಿದ್ದರೆ ಸಸ್ಯಾಹಾರಿಗೆ ಹೊಂದುವ ಪಿಜ್ಜಾ ಹುಡುಕುವುದು ಕಷ್ಟವಲ್ಲ. ಕರಗಿ ನೂಲಿನಂತೆ ಎಳೆಯುವ ಮೊಝರೆಲಾದ ಬಗ್ಗೆ ಎಲ್ಲರಿಗೂ ಅನುಮಾನ. ನಿಜವಾಗಿ ಎಚ್ಚರಿಕೆ ಬೇಕಾಗಿರುವುದು ಕಡೆಯಲ್ಲಿ ಪುಡಿ ಮಾಡಿ ಉದುರಿಸುವ ಗಟ್ಟಿ ಚೀಸ್‌ನ ಬಗ್ಗೆ.

ಮೊದಲು ರೆನೆಟ್ ಎಂದರೇನು ಎಂಬುದನ್ನು ನೋಡೋಣ. ಕರುವಿನ ಹೊಟ್ಟೆಗೆ ನಾಲ್ಕು ಭಾಗ. ಹಾಲು ಕುಡಿಯುವ ವಯಸ್ಸಿನಲ್ಲಿ ನಾಲ್ಕನೆಯದಕ್ಕೇ ಹೆಚ್ಚು ಕೆಲಸ, ತಾಯಿಯ ಹಾಲು ನೇರವಾಗಿ ಅಲ್ಲಿಗೇ ಇಳಿಯುತ್ತದೆ. ಹಾಲು ನೀರಿನಂತೆ ಹರಿದುಹೋದರೆ ಜೀರ್ಣವಾಗಲು ಸಮಯ ಸಿಗುವುದಿಲ್ಲ. ಅದಕ್ಕಾಗಿ ಆ ಭಾಗದ ಒಳಗೋಡೆಯಿಂದ ಕೈಮೋಸಿನ್ ಎಂಬ ಕಿಣ್ವ ಒಸರಿ ಹಾಲನ್ನು ಗಡ್ಡೆ ಕಟ್ಟಿಸುತ್ತದೆ. ಕರು ಹುಲ್ಲು ಮೇಯಲು ಕಲಿಯುತ್ತಿದ್ದಂತೆ ಕೈಮೋಸಿನ್ ಕಡಿಮೆಯಾಗಿ ಪೆಪ್ಸಿನ್ ಹೆಚ್ಚುತ್ತದೆ. ಆದ್ದರಿಂದ ಚೀಸ್ ಮಾಡುವವರಿಗೆ ಬೇಕಾಗಿದ್ದದ್ದು ಇನ್ನೂ ಹಾಲು ಬಿಡದ ಕರುವಿನ ಹೊಟ್ಟೆ. ಕರುವನ್ನು ಕೊಂದಲ್ಲದೆ ಅದು ಸಿಗುವುದಿಲ್ಲ. ಮಾಂಸಕ್ಕಾಗಿ ಕಡಿದ ಕರುಗಳ ಹೊಟ್ಟೆಯನ್ನು ತೊಳೆದು, ಒಣಗಿಸಿ, ತುಂಡು ಮಾಡಿ ಉಪ್ಪುನೀರಿನಲ್ಲಿ ನೆನೆಹಾಕಿ ರಸ ತೆಗೆಯುವುದು ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳಿಂದ ನಡೆದುಬಂದ ಪದ್ಧತಿ. 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಕೋಪನ್‌ಹೇಗನ್‌ನಲ್ಲಿ ಕಂಪನಿ ಕಟ್ಟಿ, ಒಂದೇ ಹದದ ಶಕ್ತಿಯಿರುವ ರೆನೆಟ್ಟನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರತೊಡಗಿದರು. ಅಲ್ಲಿಂದ ಮುಂದೆ ಚೀಸ್ ದೊಡ್ಡ ಉದ್ಯಮವಾಯಿತು.

ನಾವು ಹಾಲಿಗೆ ಮಜ್ಜಿಗೆಯ ಹೆಪ್ಪು ಹಾಕಿದಾಗ ಆಗುವುದು ಬೇರೆ ಕೆಲಸ. ಅಲ್ಲಿ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತದೆ, ಹುಳಿಗೆ ಹಾಲು ಮೊಸರಾಗುತ್ತದೆ. ಪನೀರಿನಲ್ಲಿ ಕುದಿಹಾಲಿಗೆ ನಿಂಬೆರಸ ಹಿಂಡಿ ಒಡೆಸುತ್ತೇವೆ, ಅದೂ ಹುಳಿಯ ಕೆಲಸವೇ. ರೆನೆಟ್ಟಿಗೆ ಹುಳಿ ಬೇಕಿಲ್ಲ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಹೊರಮೈಯಲ್ಲಿ ಕಪ್ಪಾ ಕೇಸಿನ್ನಿನ ಎಳೆಗಳು ಕೂದಲಿನ ಹಾಗೆ ನಿಂತಿರುತ್ತವೆ. ಈ ಕೂದಲಿನ ದೆಸೆಯಿಂದಲೇ ಉಂಡೆಗಳು ಒಂದಕ್ಕೊಂದು ಅಂಟದೆ ಹಾಲು ಹಾಲಾಗಿ ಉಳಿದಿರುತ್ತದೆ. ಕೈಮೋಸಿನ್ ಆ ಎಳೆಯನ್ನು ಒಂದೇ ಒಂದು ಜಾಗದಲ್ಲಿ, 105ನೇ ಮತ್ತು 106ನೇ ಅಮೈನೋ ಆಮ್ಲಗಳ ನಡುವೆ, ಕತ್ತರಿಸುತ್ತದೆ. ಬೋಳಾದ ಉಂಡೆಗಳು ಹಾಲಿನಲ್ಲಿರುವ ಕ್ಯಾಲ್ಸಿಯಂ ನೆರವಿನಿಂದ ಒಂದನ್ನೊಂದು ಹಿಡಿದುಕೊಂಡು ಬಲೆ ಕಟ್ಟುತ್ತವೆ. ಕೊಬ್ಬು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ, ನೀರು ಹೊರಗೆ ಸೋರುತ್ತದೆ.

ಪಿಜ್ಜಾಕ್ಕೆ ಪನೀರು ತುರಿದು ಹಾಕಿದರೆ ಯಾಕೆ ಕರಗುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ಹಾಲನ್ನು ಚೆನ್ನಾಗಿ ಕಾಯಿಸಿ ಹುಳಿ ಹಿಂಡಿದಾಗ ಹಾಲಿನ ಉಳಿದ ಪ್ರೋಟೀನುಗಳೂ ಕೇಸಿನ್ನಿಗೆ ಅಂಟಿಕೊಂಡು ಬಲೆ ಬಿಗಿಯಾಗಿಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಪನೀರು ಕೆಂಪಗೆ ಹುರಿಯುತ್ತದೆ, ಹರಿಯುವುದಿಲ್ಲ. ಮೊಝರೆಲಾದಲ್ಲಿ ಹಾಗಲ್ಲ. ರೆನೆಟ್ಟಿನಿಂದ ಕಟ್ಟಿದ ಗಡ್ಡೆಯನ್ನು ಹದವಾಗಿ ಹುಳಿಯೇರಿಸಿದಾಗ ಕ್ಯಾಲ್ಸಿಯಂನ ಒಂದಷ್ಟು ಭಾಗ ಕಳಚಿ ಬಲೆ ಸಡಿಲವಾಗುತ್ತದೆ. ಆಗ ಬಿಸಿನೀರಿನಲ್ಲಿ ಅದ್ದಿ ಎಳೆದರೆ ಎಳೆ ಎಳೆಯಾಗಿ ಬರುತ್ತದೆ. ಅಂದರೆ ಪಿಜ್ಜಾದ ಮೇಲೆ ಎಳೆಯುವ ಚೀಸ್ ಬೇಕೆಂದರೆ ರೆನೆಟ್ ಬೇಕೇ ಬೇಕು. ಅದು ಕರುವಿನಿಂದಲೇ ಬರಬೇಕೆಂದು ಮಾತ್ರ ಇಲ್ಲ.

ಈ ಎರಡನೆಯ ಸಂಗತಿಯನ್ನು ಚೀಸ್ ಉದ್ಯಮ ಕಂಡುಕೊಂಡದ್ದು ಕರುಣೆಯಿಂದಲ್ಲ, ಕೊರತೆಯಿಂದ. ಎರಡನೇ ಮಹಾಯುದ್ಧದ ನಂತರ ಚೀಸ್ ತಿನ್ನುವವರು ಹೆಚ್ಚಿದರು, ಎಳೆಗರುಗಳನ್ನು ಕಡಿಯುವುದು ಕಡಿಮೆಯಾಯಿತು. ಕರುವನ್ನು ಬೆಳೆಸಿ ದನವಾದ ಮೇಲೆ ಮಾರಿದರೆ ರೈತನಿಗೆ ಹೆಚ್ಚು ಲಾಭ. ರೆನೆಟ್ ಸಾಲದಾಯಿತು. 1960ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟು ಹಾಲನ್ನು ಗಟ್ಟಿ ಮಾಡುವ ಕಿಣ್ವ ಕೊಡುತ್ತದೆ ಎಂದು ಕಂಡುಕೊಂಡರು. ಅದರ ಹೆಸರು ರೈಝೋಮ್ಯುಕರ್ ಪ್ಯುಸಿಲಸ್. ಅದರ ಸೋದರ ಜಾತಿ ರೈಝೋಮ್ಯುಕರ್ ಮಿಹೈ ಇವತ್ತಿಗೂ ಜಗತ್ತಿನ ಎಷ್ಟೋ ಚೀಸ್ ಕಾರ್ಖಾನೆಗಳಲ್ಲಿ ದುಡಿಯುತ್ತಿದೆ. ಪ್ಯಾಕೆಟ್ಟಿನ ಮೇಲೆ ‘ಮೈಕ್ರೋಬಿಯಲ್ ರೆನೆಟ್’ ಎಂದು ಕಂಡರೆ ಸಾಮಾನ್ಯವಾಗಿ ಇಂಥ ಬೂಷ್ಟಿನಿಂದ ಬಂದದ್ದು. ಅದಕ್ಕೊಂದು ಕೊರತೆ ಇತ್ತು. ಬೂಷ್ಟಿನ ಕಿಣ್ವ ಕೈಮೋಸಿನ್ನಿನಷ್ಟು ಅಚ್ಚುಕಟ್ಟಲ್ಲ, ಬೇಕಾದ ಜಾಗದ ಜೊತೆ ಬೇಡದ ಕಡೆಯೂ ಪ್ರೋಟೀನನ್ನು ಕತ್ತರಿಸುತ್ತ ಹೋಗುತ್ತದೆ. ಕೆಲವೇ ವಾರದಲ್ಲಿ ತಿನ್ನುವ ಮೊಝರೆಲಾಕ್ಕೆ ಅದರಿಂದ ತೊಂದರೆಯಿಲ್ಲ, ವರ್ಷಗಟ್ಟಲೆ ಮಾಗಿಸುವ ಚೀಸ್ ಕಹಿಯಾಗುತ್ತದೆ.

ಆ ಕಹಿಯನ್ನು ದಾಟಿದ್ದು ತಳಿ ತಂತ್ರಜ್ಞಾನ. ಕರುವಿನ ಜೀವಕೋಶದಲ್ಲಿ ಕೈಮೋಸಿನ್ ತಯಾರಿಸಲು ಹೇಳುವ ವಂಶವಾಹಿಯನ್ನು ನಕಲು ಮಾಡಿ ಬ್ಯಾಕ್ಟೀರಿಯಾ, ಯೀಸ್ಟ್ ಅಥವಾ ಬೂಷ್ಟಿನೊಳಗೆ ಸೇರಿಸಿದರು. ಅವು ದೊಡ್ಡ ತೊಟ್ಟಿಗಳಲ್ಲಿ ಬೆಳೆಯುತ್ತ ಅದೇ ಕೈಮೋಸಿನ್ನನ್ನು ಕೊಡತೊಡಗಿದವು. 1990ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಫೈಝರ್ ಕಂಪನಿಯ ಇಂಥ ಕೈಮೋಸಿನ್‌ಗೆ ಒಪ್ಪಿಗೆ ಕೊಟ್ಟಿತು. ಆ ದೇಶದಲ್ಲಿ ಆಹಾರದ ಬಳಕೆಗೆ ಒಪ್ಪಿಗೆ ಪಡೆದ ಮೊದಲ ಕುಲಾಂತರಿ ಉತ್ಪನ್ನ ಅದೇ. ಅಮೆರಿಕದಲ್ಲಿ ಈಗ ತಯಾರಾಗುವ ಚೀಸ್‌ನಲ್ಲಿ ಬಹುಪಾಲು ಈ ಬಗೆಯ ಕೈಮೋಸಿನ್ನಿನದು. ಮುಂದೆ ಒಂಟೆಯ ಕೈಮೋಸಿನ್ ಹಸುವಿನ ಹಾಲನ್ನು ಇನ್ನೂ ಚೆನ್ನಾಗಿ ಗಟ್ಟಿ ಮಾಡುತ್ತದೆ ಎಂದು ತಿಳಿದ ಮೇಲೆ ಅದನ್ನೂ ಇದೇ ಕ್ರಮದಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದರು.

ಇದು ಸಸ್ಯಾಹಾರವೇ? ವಂಶವಾಹಿಯ ನಕ್ಷೆ ಮೊದಲಿಗೆ ಬಂದದ್ದು ಕರುವಿನಿಂದ, ನಿಜ. ಆದರೆ ಇವತ್ತು ತೊಟ್ಟಿಯಲ್ಲಿ ಕೆಲಸ ಮಾಡುತ್ತಿರುವ ಯೀಸ್ಟಿಗೆ ಯಾವ ಕರುವೂ ಬೇಕಿಲ್ಲ, ಯಾವ ಹೊಟ್ಟೆಯನ್ನೂ ಕೊಯ್ಯಬೇಕಿಲ್ಲ. ನನ್ನ ಮಟ್ಟಿಗೆ ಅಷ್ಟು ಸಾಕು, ನಾನು ಇದನ್ನು ಸಸ್ಯಾಹಾರವೆಂದೇ ತಿಳಿಯುತ್ತೇನೆ. ಕುಲಾಂತರಿ ಬೇಡ ಎನ್ನುವವರ ತಕರಾರು ಬೇರೆ, ಅದಕ್ಕೂ ಗೌರವ ಸಲ್ಲಬೇಕು. ಈ ಎರಡು ತಕರಾರು ಒಂದರ ಮೇಲೊಂದು ಬಂದಾಗ ವಿಚಿತ್ರ ಫಲ ಸಿಗುತ್ತದೆ. ಯುರೋಪಿನಲ್ಲಿ ಸಾವಯವ ಚೀಸ್ ಎಂದು ಮಾರುವವರು ಕುಲಾಂತರಿ ಜೀವಿಗಳಿಂದ ಪಡೆದ ಕಿಣ್ವ ಬಳಸುವಂತಿಲ್ಲ. ಅವರಿಗೆ ಉಳಿಯುವುದು ಬೂಷ್ಟಿನ ರೆನೆಟ್, ಸಸ್ಯದ ರೆನೆಟ್ ಅಥವಾ ಕರುವಿನ ರೆನೆಟ್. ‘ಸಾವಯವ’ ಎಂದು ಬರೆದ ಮಾತ್ರಕ್ಕೆ ಶುದ್ಧ ಸಸ್ಯಾಹಾರ ಎಂದುಕೊಂಡು ಬುಟ್ಟಿಗೆ ಹಾಕಿಕೊಳ್ಳುವುದು ಸರಿಯಲ್ಲ.

ಸಸ್ಯದ ರೆನೆಟ್ ಎಂದೆನಲ್ಲ, ಅದು ಇವೆಲ್ಲಕ್ಕಿಂತ ಹಳೆಯದು. ಅಂಜೂರದ ಹಾಲಿನಿಂದ ಹಾಲು ಹೆಪ್ಪುಗಟ್ಟುವ ಮಾತು ಹೋಮರನ ‘ಇಲಿಯಡ್’ನಲ್ಲೇ ಬರುತ್ತದೆ. ಪೋರ್ಚುಗಲ್‌ನ ಸೆರ್ರಾ ದ ಎಸ್ಟ್ರೇಲಾ, ಅಝೆಯಿತಾವ್, ಸ್ಪೇನಿನ ತೋರ್ತಾ ದೆಲ್ ಕಸಾರ್ ಎಂಬ ಕುರಿಹಾಲಿನ ಚೀಸ್‌ಗಳಿಗೆ ಕಾರ್ಡೂನ್ ಎಂಬ ಮುಳ್ಳುಗಿಡದ ನೇರಳೆ ಹೂವಿನ ಎಳೆಗಳನ್ನು ನೆನೆಸಿದ ನೀರೇ ಹೆಪ್ಪು. ಈ ಚೀಸ್‌ಗಳ ನಿಯಮಾವಳಿಯಲ್ಲಿ ಹೂವಿನ ಹೆಪ್ಪನ್ನೇ ವಿಧಿಸಿದ್ದಾರೆ. ಇಟಲಿಯ ನಿಯಮ ಸಸ್ಯಾಹಾರಿಯನ್ನು ಹೊರಗಿಟ್ಟರೆ ಅದೇ ಬಗೆಯ ನಿಯಮ ಇಲ್ಲಿ ಅವನಿಗೆ ಭರವಸೆ ಕೊಡುತ್ತದೆ.

ನಮ್ಮ ಉಪಖಂಡದಲ್ಲೂ ಅಂಥ ಗಿಡವಿದೆ. ಅಶ್ವಗಂಧದ ಹತ್ತಿರದ ನಂಟಿನ ವಿಥಾನಿಯಾ ಕೋಆಗ್ಯುಲನ್ಸ್ ಸಿಂಧ್, ಪಂಜಾಬ್, ಬಲೂಚಿಸ್ತಾನ, ಅಫ್ಘಾನಿಸ್ತಾನದ ಒಣನೆಲದಲ್ಲಿ ಬೆಳೆಯುತ್ತದೆ. ಅಲ್ಲಿಯವರು ಅದರ ಕಾಯನ್ನು ಪನೀರ್ ಡೋಡಿ ಎನ್ನುತ್ತಾರೆ, ಹಾಲು ಗಟ್ಟಿ ಮಾಡಲು ಬಳಸುತ್ತಾರೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಚೀಸ್ ಉದ್ಯಮ ಬೆಳೆಸುವ ಯೋಚನೆ ಬಂದಾಗ ಎದುರಾದ ಮೊದಲ ತೊಡಕೇ ಕರುವಿನ ರೆನೆಟ್, ಇಲ್ಲಿಯ ಜನ ಅದನ್ನು ಮುಟ್ಟುವುದಿಲ್ಲ. ಸೇನೆಯ ವೈದ್ಯರೂ ಸಸ್ಯವಿಜ್ಞಾನಿಯೂ ಆಗಿದ್ದ ಐಚಿಸನ್ ಈ ಗಿಡದ ಕಡೆ ಗಮನ ಸೆಳೆದರು. ಕೇಂಬ್ರಿಜ್‌ನ ಶೆರಿಡನ್ ಲೀ ಅದರ ಬೀಜಗಳನ್ನು ಉಪ್ಪುನೀರಿನಲ್ಲಿ ನೆನೆಸಿ ರಸ ತೆಗೆದು, ಅದು ಕರುವಿನ ರೆನೆಟ್ಟಿನಂತೆಯೇ ಹಾಲನ್ನು ಗಟ್ಟಿ ಮಾಡುತ್ತದೆ ಎಂದು 1883ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದರು. ಕಾರ್ಖಾನೆಗಳಲ್ಲಿ ಅದು ನೆಲೆಯೂರಲಿಲ್ಲ, ಚೀಸ್‌ಗೆ ಕಹಿ ಬರುತ್ತಿತ್ತು. ಆದರೂ ಇಂಥ ಸಸ್ಯದ ಹುಡುಕಾಟ ಭಾರತೀಯರ ಊಟದ ರೂಢಿಗಾಗಿ ಪ್ರಯೋಗಾಲಯದವರೆಗೆ ಹೋಗಿತ್ತು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ‘ರೆನೆಟ್ ಯಾವುದು’ ಎಂದು ಕೇಳುವುದು ಈಚಿನ ಶೋಕಿಯಲ್ಲ.

ಇನ್ನು ನಮ್ಮ ಊರಿನ ಪಿಜ್ಜಾ. 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ತೆರೆದದ್ದು ಬೆಂಗಳೂರಿನಲ್ಲಿ. ಅಲ್ಲಿಂದೀಚೆಗೆ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರಿಗೂ ಪಿಜ್ಜಾ ಬಂದಿದೆ. ಅದರ ಮೇಲಿರುವ ಚೀಸ್ ಬಗ್ಗೆ ಆತಂಕಪಡುವ ಕಾರಣ ಬಹಳ ಕಡಿಮೆ. ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಚೀಸ್ ಎಂದರೇನು ಎಂಬ ವ್ಯಾಖ್ಯೆಯಲ್ಲೇ ‘ಪ್ರಾಣಿಜನ್ಯವಲ್ಲದ ರೆನೆಟ್ ಅಥವಾ ಬೇರೆ ಸೂಕ್ತ ವಸ್ತುವಿನಿಂದ ಹಾಲನ್ನು ಹೆಪ್ಪುಗಟ್ಟಿಸಿ ಪಡೆದದ್ದು’ ಎಂಬ ಅರ್ಥದ ಮಾತಿದೆ. ಬೇರೆ ದೇಶಗಳಲ್ಲಿ ಗ್ರಾಹಕ ತಾನೇ ವಿಚಾರಿಸಿ ತಿಳಿಯಬೇಕಾದದ್ದನ್ನು ಇಲ್ಲಿ ಕಾನೂನೇ ಮೊದಲು ಇತ್ಯರ್ಥ ಮಾಡಿದೆ. ಅಮುಲ್, ನಂದಿನಿ, ಬ್ರಿಟಾನಿಯಾದಂಥ ದೇಶೀ ಚೀಸ್‌ಗಳ ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನೋಡಿಯೇ ಇರುತ್ತೀರಿ. ಮಾಂಸಾಹಾರದ ಕಂದು ಚುಕ್ಕಿಯನ್ನು 2020ರ ನಿಯಮ ತ್ರಿಕೋನವಾಗಿ ಬದಲಾಯಿಸಿತು, ಬಣ್ಣಗುರುಡು ಇರುವವರಿಗೂ ಆಕಾರದಿಂದ ಗೊತ್ತಾಗಲೆಂದು. ಇಷ್ಟು ಅಗ್ಗದ, ಇಷ್ಟು ಸ್ಪಷ್ಟವಾದ ಗುರುತನ್ನು ಕಡ್ಡಾಯ ಮಾಡಿರುವ ದೇಶಗಳು ಹೆಚ್ಚಿಲ್ಲ. ಅದರ ಬೆಲೆ ತಿಳಿಯುವುದು ದೇಶದ ಗಡಿ ದಾಟಿದಾಗ.

ಗಡಿಯಾಚೆ ಮೊದಲು ಗುರುತಿಟ್ಟುಕೊಳ್ಳಬೇಕಾದ ಹೆಸರು ಪಾರ್ಮಿಜಾನೊ ರೆಜ್ಜಾನೊ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊಡೆನಾ ಮತ್ತು ಸುತ್ತಲಿನ ಗೊತ್ತುಪಡಿಸಿದ ಸೀಮೆಯಲ್ಲಿ ಮಾತ್ರ ತಯಾರಾಗುವ ಗಟ್ಟಿ ಚೀಸ್. ಒಂದು ಗಾಲಿಯ ತೂಕ ಸುಮಾರು 40 ಕಿಲೊ, ಅದಕ್ಕೆ ಐನೂರು ಲೀಟರಿಗೂ ಹೆಚ್ಚು ಹಾಲು, ಕನಿಷ್ಠ 12 ತಿಂಗಳು ಮಾಗಬೇಕು. ಅದರಲ್ಲಿರುವುದು ಮೂರೇ ವಸ್ತು: ಹಾಲು, ಉಪ್ಪು, ಕರುವಿನ ರೆನೆಟ್. ಮೂರನೆಯದನ್ನು ಬದಲಿಸಿದರೆ ಆ ಹೆಸರು ಸಿಗದು. 2008ರಲ್ಲಿ ಯುರೋಪಿನ ನ್ಯಾಯಾಲಯ ‘ಪಾರ್ಮೆಸಾನ್’ ಎಂಬ ಹೆಸರು ಕೂಡ ಆ ಚೀಸ್‌ಗೇ ಸೇರಿದ್ದು ಎಂಬ ನಿಲುವು ತಾಳಿತು. ಹಾಗಾಗಿ ಯುರೋಪಿನ ಒಕ್ಕೂಟದಲ್ಲಿ ‘ಪಾರ್ಮೆಸಾನ್ ಇದೆ’ ಎಂದರೆ ಕರುವಿನ ರೆನೆಟ್ ಇದೆ ಎಂದೇ ಅರ್ಥ. ಗ್ರಾನಾ ಪದಾನೊ, ಗೊರ್ಗೊನ್ಝೋಲಾ, ಸ್ವಿಟ್ಜರ್ಲೆಂಡಿನ ಗ್ರುಯೇರ್ ಕೂಡ ಕರುವಿನ ರೆನೆಟ್ಟಿನವೇ. ಗ್ರಾನಾ ಪದಾನೊದಲ್ಲಿ ಮೊಟ್ಟೆಯಿಂದ ತೆಗೆದ ಲೈಸೊಝೈಮ್ ಕೂಡ ಸೇರುವುದುಂಟು. ಪೆಕೊರಿನೊ ರೊಮಾನೊದಲ್ಲಿ ಕುರಿಮರಿಯ ಹೊಟ್ಟೆಯಿಂದ ಮಾಡಿದ ರೆನೆಟ್ ಮುದ್ದೆ. ಪಾರ್ಮಾದ ಚೀಸ್‌ಗಾರರನ್ನು ದೂರುವುದಕ್ಕಲ್ಲ ಈ ಮಾತು. ತಲೆತಲಾಂತರದಿಂದ ಬಂದ ಅವರ ಕಸುಬು ಅದು, ಏನು ಹಾಕುತ್ತೇವೆ ಎಂಬುದನ್ನು ಅವರು ಮುಚ್ಚಿಟ್ಟೂ ಇಲ್ಲ. ನಮ್ಮ ಊಟವಲ್ಲ, ಅಷ್ಟೇ.

ತೊಂದರೆ ಬರುವುದು ಈ ಗಟ್ಟಿ ಚೀಸ್‌ಗಳು ಹೆಸರು ಹೇಳದೆ ಪಿಜ್ಜಾಕ್ಕೆ ಸೇರಿಕೊಂಡಾಗ. ಟೊಮೆಟೊ ಸಾಸ್‌ನಲ್ಲಿ ರುಚಿಗೆಂದು ಒಂದು ಹಿಡಿ. ಪೆಸ್ಟೊದಲ್ಲಿ ಪಾರ್ಮಿಜಾನೊ, ಪೆಕೊರಿನೊ ಎರಡೂ. ಒಲೆಯಿಂದ ತೆಗೆದ ಮೇಲೆ ಮೇಲೊಂದು ತುರಿ. ‘ವೆಜಿಟೇರಿಯನ್ ಪಿಜ್ಜಾ’ ಎಂದು ಮೆನುವಿನಲ್ಲಿ ಬರೆಯುವವರು ನೋಡುವುದು ಮೇಲೆ ಹರಡಿದ ತರಕಾರಿಯನ್ನು ಮಾತ್ರ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗಳ ಮನೆಗೆ ಹೋಗಿದ್ದ ನಮ್ಮ ಚಿಕ್ಕಮ್ಮನ ಜೊತೆ ಅಲ್ಲಿಯ ಒಂದು ಚಿಕ್ಕ ಪಿಜ್ಜಾ ಅಂಗಡಿಗೆ ಹೋಗಿದ್ದೆ. ಮೇಜಿನ ಮೇಲೆ ಮೂರು ಗಾಜಿನ ಡಬ್ಬಿ: ಒಣಮೆಣಸಿನ ಚೂರು, ಒರೆಗಾನೊ, ಬಿಳಿ ಪುಡಿ.

‘ಇದೇನೋ ಇದು, ಹಿಟ್ಟಿನ ಹಾಗಿದೆ?’ ಎಂದರು ಚಿಕ್ಕಮ್ಮ.

‘ಚೀಸ್ ಪುಡಿ ಚಿಕ್ಕಮ್ಮ. ಯಾವುದು ಅಂತ ಗೊತ್ತಿಲ್ಲ, ಹಾಕ್ಕೋಬೇಡಿ.’

‘ಗೊತ್ತಿಲ್ಲ ಅಂದ್ರೆ ಕೇಳು. ಕೇಳೋದ್ರಲ್ಲಿ ತಪ್ಪೇನು? ದುಡ್ಡು ಕೊಟ್ಟೇ ತಾನೇ ತಿನ್ನೋದು.’

ಕೇಳಿದೆ. ಅಂಗಡಿಯವರಿಗೆ ರೆನೆಟ್ ಎಂದ ತಕ್ಷಣ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಬೇಸರಪಡಲೂ ಇಲ್ಲ. ಒಳಗೆ ಹೋಗಿ ಎರಡು ವಸ್ತು ತಂದು ಕಟ್ಟೆಯ ಮೇಲಿಟ್ಟರು. ಒಂದು ತುರಿದ ಮೊಝರೆಲಾದ ದೊಡ್ಡ ಚೀಲ. ಅದರ ಮೇಲೆ ಪಾಶ್ಚರೀಕರಿಸಿದ ಹಾಲು, ಚೀಸ್ ಕಲ್ಚರ್, ಉಪ್ಪು, ಎಂಝೈಮ್ಸ್ ಎಂದಿತ್ತು. ಇನ್ನೊಂದು ಬಿಳಿ ಪುಡಿಯ ಡಬ್ಬ, ಅದರ ಮೇಲೆ ಪೆಕೊರಿನೊ ರೊಮಾನೊ, ಇಟಲಿಯಿಂದ ಆಮದು. ಪುಡಿಯ ಸಂಗತಿ ಅಲ್ಲಿಗೇ ತೀರ್ಮಾನವಾಯಿತು, ಕುರಿಮರಿಯ ರೆನೆಟ್. ಮೊಝರೆಲಾದ ಚೀಲದಿಂದ ಏನೂ ತಿಳಿಯಲಿಲ್ಲ. ಅಂಗಡಿಯವರು ಸರಬರಾಜುದಾರರಿಗೆ ಫೋನ್ ಮಾಡಿ ಕೇಳಿದರು, ಮೈಕ್ರೋಬಿಯಲ್ ಎಂಬ ಉತ್ತರ ಬಂತು. ಸಾಸ್‌ಗೂ ಆ ಪುಡಿ ಹಾಕುತ್ತೀರಾ ಎಂದು ಕೇಳಲು ಹೇಳಿಕೊಟ್ಟವರೂ ಚಿಕ್ಕಮ್ಮನೇ. ಹಾಕುವುದಿಲ್ಲ ಎಂದರು. ಆಮೇಲೆ ನಿಶ್ಚಿಂತೆಯಾಗಿ ತಿಂದೆವು.

ಆ ಚೀಲದ ಮೇಲೆ ಬರಿಯ ‘ಎಂಝೈಮ್ಸ್’ ಎಂದಿದ್ದುದು ಅಮೆರಿಕದ ಕಾನೂನಿನ ಪ್ರಕಾರವೇ. ಪ್ರಾಣಿಯದಾಗಲಿ, ಸಸ್ಯದ್ದಾಗಲಿ, ಸೂಕ್ಷ್ಮಾಣುವಿನದಾಗಲಿ, ಎಲ್ಲಕ್ಕೂ ಆ ಒಂದೇ ಪದ ಸಾಕೆಂದು ಅಲ್ಲಿ ಅನುಮತಿ ಇದೆ. ಯುರೋಪಿನ ಒಕ್ಕೂಟದಲ್ಲಿ ಇನ್ನೂ ಸಡಿಲ. ಹಾಲಿನ ಪದಾರ್ಥ, ಕಿಣ್ವ, ಸೂಕ್ಷ್ಮಾಣು, ಅಗತ್ಯದ ಉಪ್ಪು ಬಿಟ್ಟು ಬೇರೇನೂ ಸೇರದ ಚೀಸ್‌ಗೆ ಪದಾರ್ಥಗಳ ಪಟ್ಟಿಯೇ ಕಡ್ಡಾಯವಲ್ಲ. ಒಬ್ಬ ಸಸ್ಯಾಹಾರಿಗೆ ತಿಳಿಯಲೇಬೇಕಾದ ಒಂದೇ ಒಂದು ವಿಷಯವನ್ನು ಹೇಳದೆ ಇರಲು ಎರಡು ದೊಡ್ಡ ಮಾರುಕಟ್ಟೆಗಳು ಅವಕಾಶ ಕೊಟ್ಟಿವೆ. ಇದು ಅನ್ಯಾಯ. ಮಾಂಸ ತಿನ್ನುವವರನ್ನು ಯಾರೂ ತಡೆಯುತ್ತಿಲ್ಲ, ಯಾವ ಚೀಸ್‌ನ್ನೂ ಯಾರೂ ನಿಷೇಧಿಸಿ ಎನ್ನುತ್ತಿಲ್ಲ. ಪ್ಯಾಕೆಟ್ಟಿನ ಮೇಲೆ ಇನ್ನೊಂದು ಪದ ಅಚ್ಚಾಗಬೇಕು ಎಂದಷ್ಟೇ ಬೇಡಿಕೆ. ಮಾಡಲಾಗದ ಕೆಲಸವೂ ಅಲ್ಲ. ಅಮೆರಿಕದ ಟ್ರೇಡರ್ ಜೋಸ್ ಮಳಿಗೆಗಳು ತಮ್ಮ ಚೀಸ್‌ಗಳ ಮೇಲೆ ರೆನೆಟ್ ಯಾವ ಬಗೆಯದೆಂದು ಬಹಳ ಕಾಲದಿಂದ ತಿಳಿಸುತ್ತ ಬಂದಿವೆ. ಬ್ರಿಟನ್ನಿನ ಅಂಗಡಿಗಳಲ್ಲಿ ‘ಸೂಟಬಲ್ ಫಾರ್ ವೆಜಿಟೇರಿಯನ್ಸ್’ ಎಂಬ ಬರಹ ಸಾಮಾನ್ಯ, ಮತ್ತು ಅಲ್ಲಿ ಪಾರ್ಮೆಸಾನ್‌ಗೆ ಬದಲಾಗಿ ಸಿಗುವ ಸಸ್ಯಾಹಾರಿ ಚೀಸ್‌ಗೆ ‘ಇಟಾಲಿಯನ್ ಸ್ಟೈಲ್ ಹಾರ್ಡ್ ಚೀಸ್’ ಎಂಬಂಥ ಸುತ್ತುಬಳಸಿನ ಹೆಸರಿರುತ್ತದೆ.

ಪರದೇಶದಲ್ಲಿ ಲೇಬಲ್ ಓದುವವರು ಕೆಲವು ಪದಗಳನ್ನು ಗುರುತಿಟ್ಟುಕೊಂಡರೆ ಅನುಕೂಲ. ರೆನೆಟ್ಟಿಗೆ ಇಟಲಿಯಲ್ಲಿ ಕಾಲ್ಯೋ, ಫ್ರಾನ್ಸಿನಲ್ಲಿ ಪ್ರೆಝ್ಯೂರ್, ಜರ್ಮನಿಯಲ್ಲಿ ಲಾಬ್, ಸ್ಪೇನಿನಲ್ಲಿ ಕುವಾಹೊ ಎನ್ನುತ್ತಾರೆ. ಇಟಲಿಯಲ್ಲಿ ಅದರ ಪಕ್ಕದಲ್ಲಿ ‘ಮಿಕ್ರೋಬಿಕೊ’ ಅಥವಾ ‘ವೆಜೆತಾಲೆ’ ಎಂದಿದ್ದರೆ ಕೊಳ್ಳಬಹುದು. ಬರೀ ‘ಕಾಲ್ಯೋ’ ಎಂದಿದ್ದರೆ ಕರುವಿನದೆಂದೇ ತಿಳಿದು ಬಿಟ್ಟುಬಿಡುವುದು ಕ್ಷೇಮ. ಯಹೂದಿಗಳ ಕೋಷರ್ ಗುರುತು ಕಂಡರೆ ಸಾಕು ಎಂದು ಅಮೆರಿಕದಲ್ಲಿರುವ ನಮ್ಮವರು ಹೇಳುವುದುಂಟು. ಕೋಷರ್ ಚೀಸ್‌ಗಳಲ್ಲಿ ಸೂಕ್ಷ್ಮಾಣುವಿನ ರೆನೆಟ್ಟಿನ ಬಳಕೆ ಹೆಚ್ಚು ನಿಜ, ಆದರೆ ಅವರ ಶಾಸ್ತ್ರದಂತೆ ವಧಿಸಿದ ಕರುವಿನ ರೆನೆಟ್ಟಿಗೂ ಅವರಲ್ಲಿ ಅವಕಾಶವಿದೆ. ಕೋಷರ್ ಗುರುತು ಒಂದು ಸುಳಿವು, ಪುರಾವೆಯಲ್ಲ.

ಯಾವುದೂ ಗೊತ್ತಾಗದ ಊರಿನಲ್ಲಿ ಹಸಿವಾದರೆ ಮರೀನಾರಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ನೇಪಲ್ಸ್‌ನ ಸಾಂಪ್ರದಾಯಿಕ ಪಿಜ್ಜಾಗಳಲ್ಲಿ ಒಂದಾದ ಇದರಲ್ಲಿ ಚೀಸ್ ಇಲ್ಲವೇ ಇಲ್ಲ. ಕೆಲವು ಕಡೆ ಆಂಚೊವಿ ಮೀನು ಇಡುವವರಿದ್ದಾರೆ, ಬೇಡವೆಂದು ಮೊದಲೇ ಹೇಳುವುದು ಒಳ್ಳೆಯದು. ಚೀಸ್ ಬೇಕೇ ಬೇಕೆನ್ನುವವರಿಗೆ ಮಸ್ಕರ್ಪೋನೆ ಇದೆ, ಅದು ಕೆನೆಗೆ ಹುಳಿ ಹಾಕಿ ಮಾಡಿದ್ದು. ರಿಕೋಟಾ ಕೂಡ ಹುಳಿಯಿಂದಲೇ ಆಗುತ್ತದೆ, ಆದರೆ ಅದನ್ನು ಮಾಡುವುದು ಬೇರೆ ಚೀಸ್ ತೆಗೆದು ಉಳಿದ ನೀರಿನಿಂದ. ಆ ಮೊದಲ ಚೀಸ್‌ಗೆ ಕರುವಿನ ರೆನೆಟ್ ಬಿದ್ದಿದ್ದರೆ ಅದರ ಅಂಶ ನೀರಿನಲ್ಲೂ ಇರುತ್ತದೆ.

ರೆನೆಟ್ ಬದಲಾದ ಮಾತ್ರಕ್ಕೆ ಹಾಲಿನ ಉದ್ಯಮದ ಎಲ್ಲ ನೋವೂ ತೀರಿತು ಎಂದು ನಾನು ಹೇಳಲಾರೆ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಗಂಡುಕರು ಯಾರಿಗೂ ಬೇಡ. ಈ ಪ್ರಶ್ನೆ ನಮ್ಮ ಮನೆಯ ಮೊಸರಿಗೂ ತುಪ್ಪಕ್ಕೂ ಅಷ್ಟೇ ಸಲ್ಲುತ್ತದೆ. ಅದನ್ನು ಎತ್ತುವ ವೀಗನ್‌ರ ಮಾತಿನಲ್ಲಿ ಹುರುಳಿದೆ. ಆದರೆ ದೊಡ್ಡ ಪ್ರಶ್ನೆ ಉಳಿದಿದೆ ಎಂದು, ಈಗಲೇ ಬಗೆಹರಿಸಬಹುದಾದ ಚಿಕ್ಕದನ್ನು ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ.

ಯಾರನ್ನೂ ಕೇಳುವ ಗೋಜೇ ಬೇಡವೆನ್ನುವವರು ಮನೆಯಲ್ಲೇ ಮೊಝರೆಲಾ ಮಾಡಿಕೊಳ್ಳಬಹುದು, ಎಣಿಸಿದಷ್ಟು ಕಷ್ಟವಿಲ್ಲ. ಸೂಕ್ಷ್ಮಾಣುವಿನ ರೆನೆಟ್ ಚಿಕ್ಕ ಸೀಸೆಗಳಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಾಲ್ಕು ಲೀಟರ್ ಹಾಲು ಬೇಕು, ಊರಿನಲ್ಲಿ ಕರೆದ ಹಾಲಾದರೆ ಬಲು ಒಳ್ಳೆಯದು, ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲೂ ನಡೆಯುತ್ತದೆ. ಟೆಟ್ರಾ ಪ್ಯಾಕ್ ಹಾಲು ಮಾತ್ರ ಬೇಡ. ಅದನ್ನು ಅತಿ ಹೆಚ್ಚು ಶಾಖದಲ್ಲಿ ಕಾಯಿಸಿರುವುದರಿಂದ ಗಡ್ಡೆ ಗಟ್ಟಿಯಾಗಿ ಕಟ್ಟುವುದಿಲ್ಲ. ಮನೆಯಲ್ಲಿ ಹಾಲನ್ನು ಕುದಿಸಬಾರದು ಎನ್ನುವುದಕ್ಕೂ ಅದೇ ಕಾರಣ. ಕರೆದ ಹಾಲಾದರೆ 63 ಡಿಗ್ರಿಯಲ್ಲಿ ಅರ್ಧ ಗಂಟೆ ಹಿಡಿದಿಟ್ಟು ಆರಿಸಿಕೊಂಡರೆ ರೋಗಾಣುಗಳ ಭಯವೂ ಇರುವುದಿಲ್ಲ, ಹಾಲೂ ಕೆಡುವುದಿಲ್ಲ.

ಒಂದೂವರೆ ಚಮಚ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ತಣ್ಣನೆಯ ಹಾಲಿಗೆ ಬೆರೆಸಿ, ಸಣ್ಣ ಉರಿಯಲ್ಲಿ 32 ಡಿಗ್ರಿಗೆ ತನ್ನಿ. ಬೆರಳಿಟ್ಟರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನಿಸಬೇಕು. ಕಾಲು ಚಮಚ ರೆನೆಟ್ಟನ್ನು ಅರ್ಧ ಲೋಟ ನೀರಿಗೆ ಬೆರೆಸಿ ಹಾಕಿ. ಈ ನೀರಿನಲ್ಲಿ ಕ್ಲೋರಿನ್ ಇದ್ದರೆ ಕಿಣ್ವ ಸತ್ತುಹೋಗುತ್ತದೆ, ಆದ್ದರಿಂದ ನಲ್ಲಿಯ ನೀರನ್ನು ಕುದಿಸಿ ಆರಿಸಿ ಬಳಸಿ. ಅರ್ಧ ನಿಮಿಷ ಮೆಲ್ಲಗೆ ತಿರುವಿ, ಮುಚ್ಚಿಟ್ಟು ಬಿಟ್ಟುಬಿಡಿ, ಅಲುಗಿಸಬೇಡಿ. ಐದು ಹತ್ತು ನಿಮಿಷದಲ್ಲಿ ಪಾತ್ರೆಯೊಳಗಿನ ಹಾಲು ಹೊಸ ಮೊಸರಿನಂತೆ ಒಂದೇ ಹಾಳೆಯಾಗಿ ನಿಲ್ಲುತ್ತದೆ. ಚಾಕು ಇಳಿಸಿ ಸ್ವಲ್ಪ ಎತ್ತಿದರೆ ಸೀಳು ನೇರವಾಗಿ ಬಿಟ್ಟುಕೊಂಡು, ಸೀಳಿನಲ್ಲಿ ಹಸಿರು ಛಾಯೆಯ ತಿಳಿನೀರು ತುಂಬಬೇಕು. ನೀರು ಹಾಲಿನಂತೆ ಬೆಳ್ಳಗಿದ್ದರೆ ಇನ್ನೂ ಕಾಯಬೇಕು. ಗಡ್ಡೆಯನ್ನು ಚೌಕ ಚೌಕವಾಗಿ ಕತ್ತರಿಸಿ, ನಿಧಾನವಾಗಿ 40 ಡಿಗ್ರಿಗೆ ಬಿಸಿ ಮಾಡಿ, ತೂತಿನ ಸೌಟಿನಿಂದ ಎತ್ತಿ ನೀರು ಬಸಿಯಿರಿ. ಇನ್ನೊಂದು ಪಾತ್ರೆಯಲ್ಲಿ ಕೈ ಸುಡುವಷ್ಟು ಬಿಸಿನೀರಿಗೆ ಉಪ್ಪು ಹಾಕಿ, ಗಡ್ಡೆಯನ್ನು ಅದರಲ್ಲಿ ಮುಳುಗಿಸಿ ಸೌಟಿನಿಂದ ಮಡಚುತ್ತ ಹೋಗಿ. ಮೊದಲು ಉದುರುದುರಾಗಿ ಕೈಗೆ ಬರುತ್ತದೆ. ಒಳಗಿನವರೆಗೂ ಬಿಸಿಯೇರುತ್ತಿದ್ದಂತೆ ಮೇಲ್ಮೈ ನುಣುಪಾಗಿ, ಹೊಳೆಯುತ್ತ, ಎಳೆದಲ್ಲಿಗೆ ಬರಲು ಶುರುವಾಗುತ್ತದೆ. ಎಳೆಯುವಾಗ ತುಂಡಾದರೆ ಬಿಸಿ ಸಾಲದು, ಮತ್ತೆ ನೀರಿಗೆ ಬಿಡಿ. ಎರಡು ಮೂರು ಸಲ ಎಳೆದು ಮಡಚಿ ಉಂಡೆ ಕಟ್ಟಿ ತಣ್ಣೀರಿಗೆ ಹಾಕಿದರೆ ಮುಗಿಯಿತು.

ನಾಲ್ಕು ಲೀಟರಿಗೆ ಸುಮಾರು 400 ಗ್ರಾಂ ಚೀಸ್ ಸಿಗುತ್ತದೆ, ಮನೆಮಂದಿಗೆಲ್ಲ ಪಿಜ್ಜಾ ಮಾಡಲು ಸಾಲುತ್ತದೆ. ಪಿಜ್ಜಾದ ಮೇಲೆ ಹಾಕುವ ಮೊದಲು ಚೂರುಗಳನ್ನು ಬಟ್ಟೆಯ ಮೇಲೆ ಹರಡಿ ನೀರು ಹೀರಿಸಿಕೊಳ್ಳಿ, ಇಲ್ಲವಾದರೆ ರೊಟ್ಟಿ ಮೆತ್ತಗಾಗುತ್ತದೆ. ಗಡ್ಡೆ ಬಸಿದು ಉಳಿದ ನೀರನ್ನು ಚೆಲ್ಲಬೇಡಿ, ಪಿಜ್ಜಾದ ಹಿಟ್ಟನ್ನು ಅದರಲ್ಲೇ ಕಲಸಬಹುದು.